ಮೂರು ದಿನದ ಮುದ್ರಿಕೆ, ಇಪ್ಪತ್ತು ವರ್ಷದ ಲೆಕ್ಕ

ನಮ್ಮ ಶಾಲೆಯಲ್ಲಿ ಕಲಿತು ಈಗ ಮಂಗಳೂರಿನ ಕಾಲೇಜೊಂದರಲ್ಲಿ ಓದುತ್ತಿರುವ ಹುಡುಗನೊಬ್ಬ ಕಳೆದ ರಜೆಯಲ್ಲಿ ನಮ್ಮನ್ನು ನೋಡಲು ಬಂದಿದ್ದ. ಬೆನ್ನಿಗೆ ಗಿಟಾರಿನ ಚೀಲ. ಚಾವಡಿಯಲ್ಲಿ ಕುಳಿತು ಚಹಾ ಕುಡಿಯುತ್ತ ಫೋನಿನಲ್ಲಿ ಒಂದು ಹಾಡು ಕೇಳಿಸಿದ. "ಮಾಷ್ಟ್ರೇ, ಈ ಇಡೀ ಆಲ್ಬಮನ್ನು ಮೂರೇ ದಿನದಲ್ಲಿ ಮಾಡಿದ್ದಂತೆ. ಪ್ರತಿಭೆ ಎಂದರೆ ಇದು. ಮನೆಯಲ್ಲಿ ಅಪ್ಪ ನೋಡಿದರೆ ದಿನಾ ಅಭ್ಯಾಸ ಮಾಡು, ಅಭ್ಯಾಸ ಮಾಡು ಎಂದು ತಲೆ ತಿನ್ನುತ್ತಾರೆ" ಎಂದ.

ಹಾಡು ನಮಗೂ ಹಿಡಿಸಿತು. ಆದರೆ ಆ 'ಮೂರೇ ದಿನ' ಎಂಬ ಮಾತು ಮನಸ್ಸಿನಲ್ಲಿ ಕೊರೆಯತೊಡಗಿತು. ಹುಡುಗ ಹೋದ ಮೇಲೆ ಆ ಮುದ್ರಿಕೆಯ ಹಿಂದುಮುಂದನ್ನು ಓದಿ, ಕೇಳಿ ನೋಡಿದೆವು. ಅವನು ಹೇಳಿದ್ದು ಸುಳ್ಳಲ್ಲ; ಆದರೆ ಪೂರ್ತಿ ಸತ್ಯವೂ ಅಲ್ಲ. ಖರ್ಚಿನ ಪುಟವನ್ನು ಹರಿದು ಜಮೆಯ ಪುಟವನ್ನು ಮಾತ್ರ ತೋರಿಸುವ ಲೆಕ್ಕದ ಪುಸ್ತಕದಂತೆ ಅದು. ಹರಿದ ಪುಟವನ್ನು ಇಲ್ಲಿ ಜೋಡಿಸಿ ಓದುಗರ ಮುಂದಿಡುವುದು ಉಚಿತವೆಂದು ತೋರಿತು. ಮಕ್ಕಳ ಕೈಗೆ ವಾದ್ಯ ಕೊಟ್ಟಿರುವ, ಅಥವಾ ಕೊಡಬೇಕೆಂದಿರುವ ಹೆತ್ತವರು ಇದನ್ನು ಓದಿದರೆ ನಮ್ಮ ಶ್ರಮ ಸಾರ್ಥಕ.

ಆ ಮುದ್ರಿಕೆಯ ಹೆಸರು 'ಟೆಕ್ಸಾಸ್ ಫ್ಲಡ್', ಅಂದರೆ ಟೆಕ್ಸಾಸಿನ ನೆರೆ. ನುಡಿಸಿದವರು ಅಮೇರಿಕಾದ ಸ್ಟೀವಿ ರೇ ವಾನ್ ಮತ್ತು ಅವರ 'ಡಬಲ್ ಟ್ರಬಲ್' ತಂಡ. ಎಪಿಕ್ ಕಂಪೆನಿಯಿಂದ ಅದು ಬಿಡುಗಡೆಯಾದದ್ದು 1983ರ ಜೂನ್ 13ರಂದು. ಹತ್ತು ಹಾಡು-ನುಡಿತಗಳ ಈ ಮುದ್ರಿಕೆಯನ್ನು 'ಬ್ಲೂಸ್-ರಾಕ್' ಎಂಬ ವರ್ಗಕ್ಕೆ ಸೇರಿಸುತ್ತಾರೆ.

ಬ್ಲೂಸ್ ಎಂದರೇನು?

ಬ್ಲೂಸ್ ಎಂಬುದು ಅಮೇರಿಕಾದ ದಕ್ಷಿಣ ರಾಜ್ಯಗಳ ಕಪ್ಪು ಜನರ ಹಾಡು. ಗುಲಾಮಗಿರಿ ಕಾನೂನಿನಲ್ಲಿ ಮುಗಿದರೂ ಬದುಕಿನಲ್ಲಿ ಮುಗಿಯದೆ ಇದ್ದ ಕಾಲದಲ್ಲಿ, ಹತ್ತಿಯ ಹೊಲಗಳಲ್ಲಿ, ರೈಲುದಾರಿಯ ಕೆಲಸದಲ್ಲಿ ಹುಟ್ಟಿ ಬೆಳೆದದ್ದು. ಅದರ ಕಟ್ಟು ಬಹಳ ಸರಳ. ಮೊದಲು ಒಂದು ಸಾಲು, ಅದನ್ನೇ ಇನ್ನೊಮ್ಮೆ, ಮೂರನೆಯ ಸಾಲಿನಲ್ಲಿ ಉತ್ತರ. ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ಘಟ್ಟಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ನಮ್ಮವರು ತಾಳದ ಆವರ್ತ ಎನ್ನುವಂತೆ ಈ ಸುತ್ತು ಮತ್ತೆ ಮತ್ತೆ ಬರುತ್ತದೆ. ಹಾಡುವವನು ಸಾಲಿನ ಕೊನೆಯಲ್ಲಿ ಉಸಿರು ಬಿಟ್ಟಾಗ ಗಿಟಾರು ಆ ತೆರವಿನಲ್ಲಿ ಮಾತನಾಡುತ್ತದೆ. ಮನುಷ್ಯ ಕೇಳುತ್ತಾನೆ, ತಂತಿ ಉತ್ತರ ಹೇಳುತ್ತದೆ. ಇಷ್ಟೇ ಸಾಮಗ್ರಿ. ಇಷ್ಟರಲ್ಲಿ ಒಂದು ಜನಾಂಗದ ದುಃಖವೂ ನಗೆಯೂ ಹಿಡಿಸಿದವು.

ಟೆಕ್ಸಾಸಿನಲ್ಲಿ ಈ ಹಾಡಿಗೆ ತನ್ನದೇ ಪರಂಪರೆಯಿದೆ. 1926ರಿಂದ 1929ರವರೆಗೆ ಮುದ್ರಿಕೆಗಳನ್ನು ಕೊಟ್ಟ ಅಂಧ ಗಾಯಕ ಬ್ಲೈಂಡ್ ಲೆಮನ್ ಜೆಫರ್ಸನ್, ವಿದ್ಯುತ್ ಗಿಟಾರನ್ನು ಬ್ಲೂಸಿಗೆ ಒಗ್ಗಿಸಿದ ಟಿ-ಬೋನ್ ವಾಕರ್, ಲೈಟ್ನಿಂಗ್ ಹಾಪ್ಕಿನ್ಸ್ ಮೊದಲಾದವರು ಆ ಮಣ್ಣಿನವರು. 1960ರ ದಶಕದಲ್ಲಿ ಇಂಗ್ಲೆಂಡಿನ ಬಿಳಿಯ ತರುಣರು ಈ ಮುದ್ರಿಕೆಗಳನ್ನು ತರಿಸಿ ಕೇಳಿ, ಧ್ವನಿವರ್ಧಕವನ್ನು ದೊಡ್ಡದು ಮಾಡಿ, ಡೋಲಿನ ಪೆಟ್ಟು ಗಟ್ಟಿ ಮಾಡಿ ನುಡಿಸತೊಡಗಿದರು. ಬ್ಲೂಸ್-ರಾಕ್ ಎಂಬ ಹೆಸರು ಹೀಗೆ ನೆಲೆಯೂರಿತು.

ಮೂರು ದಿನದಲ್ಲಿ ನಡೆದದ್ದು

1982ರ ಜುಲೈ 17ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋ ನಗರದ ಪ್ರಸಿದ್ಧ ಸಂಗೀತೋತ್ಸವದಲ್ಲಿ ವಾನ್ ಮತ್ತು ಅವರ ಇಬ್ಬರು ಜೊತೆಗಾರರು ನುಡಿಸಿದರು. ಹೆಸರಾಂತ ನಿರ್ಮಾಪಕ ಜೆರಿ ವೆಕ್ಸ್‌ಲರ್ ಅವರ ಶಿಫಾರಸಿನಿಂದ ಸಿಕ್ಕಿದ ಅವಕಾಶ ಅದು. ತಂಡಕ್ಕೆ ಆಗ ಯಾವ ಕಂಪೆನಿಯ ಕರಾರೂ ಇರಲಿಲ್ಲ, ಹೆಸರಿಗೊಂದು ಆಲ್ಬಮೂ ಇರಲಿಲ್ಲ. ಸಭೆಯಲ್ಲಿ ಒಂದು ಪಾಲು ಜನ ಇವರ ಗದ್ದಲಕ್ಕೆ ಒಗ್ಗದೆ ಕೂಗಿ ಗೇಲಿ ಮಾಡಿದರು. ಅಷ್ಟು ದೂರ ಹೋಗಿ ಅವಮಾನ ಹೊತ್ತು ಬರುವಂತಾಯಿತಲ್ಲ ಎಂದು ವಾನ್ ಕುಗ್ಗಿಹೋದರು. ಆದರೆ ಆ ಊರಿನಲ್ಲಿ ಅವರನ್ನು ಕೇಳಿದವರಲ್ಲಿ ಇಬ್ಬರು ಬೇರೆಯೇ ಕಿವಿಯವರಿದ್ದರು. ಒಬ್ಬರು ಡೇವಿಡ್ ಬೋವೀ. ಇನ್ನೊಬ್ಬರು ಗಾಯಕ ಜಾಕ್ಸನ್ ಬ್ರೌನ್. ಬ್ರೌನ್ ಇವರ ಜೊತೆ ರಾತ್ರಿ ಕುಳಿತು ನುಡಿಸಿ, ಲಾಸ್ ಏಂಜಲೀಸಿನ ತನ್ನ ಮುದ್ರಣ ಶಾಲೆಯಲ್ಲಿ ಕೆಲವು ದಿನ ಬಿಟ್ಟಿಯಾಗಿ ಕೆಲಸ ಮಾಡಿಕೊಳ್ಳಿ ಎಂದರು.

ಅದೇ ವರ್ಷ ನವೆಂಬರಿನಲ್ಲಿ, ಅಮೇರಿಕಾದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸಿನಲ್ಲಿ, ತಂಡ ಅಲ್ಲಿಗೆ ಹೋಯಿತು. ಶಾಲೆ ಎಂದರೆ ಒಂದು ದೊಡ್ಡ ಗೋದಾಮು. ಕಾಂಕ್ರೀಟು ನೆಲ, ಅದರ ಮೇಲೆ ಹಾಸಿದ ಜಮಖಾನೆಗಳು. ಮೂವರೂ ಒಂದು ಮೂಲೆಯಲ್ಲಿ ಒಬ್ಬರ ಮುಖ ಒಬ್ಬರು ಕಾಣುವಂತೆ ಸುತ್ತ ನಿಂತರು. ಗಿಟಾರು ವಾನ್, ಬಾಸ್ ಗಿಟಾರು ಟಾಮಿ ಶ್ಯಾನನ್, ಡ್ರಮ್ಸ್ ಕ್ರಿಸ್ ಲೇಟನ್. ಯಂತ್ರದ ಮುಂದೆ ರಿಚರ್ಡ್ ಮಲೆನ್. ಸಿಕ್ಕಿದ್ದು ಮೂರು ದಿನ; ಹತ್ತೂ ಹಾಡುಗಳ ಮುಖ್ಯ ಮುದ್ರಣಕ್ಕೆ ಹಿಡಿದದ್ದು ಎರಡು ದಿನ. ಒಬ್ಬೊಬ್ಬರನ್ನು ಬೇರೆ ಬೇರೆ ಮುದ್ರಿಸಿ ಆಮೇಲೆ ಹೊಲಿಯುವ ಪದ್ಧತಿಯನ್ನು ಬಿಟ್ಟು, ಮೂವರೂ ಒಟ್ಟಿಗೆ, ಸಭೆಯ ಮುಂದೆ ನುಡಿಸುವಂತೆಯೇ ನುಡಿಸಿದರು.

ಇದರ ಅಂದಾಜು ಸಿಗಬೇಕಾದರೆ ಇನ್ನೊಂದು ಸಂಗತಿ ನೆನೆಯಬೇಕು. 1967ರಲ್ಲಿ ಬ್ಲೂಸ್ ತಂಡವಾಗಿಯೇ ಹುಟ್ಟಿದ ಫ್ಲೀಟ್‌ವುಡ್ ಮ್ಯಾಕ್, 1979ರಲ್ಲಿ ತನ್ನ 'ಟಸ್ಕ್' ಮುದ್ರಿಕೆಗೆ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಖರ್ಚು ಮಾಡಿತ್ತು. ಇತ್ತ ಮೂವರು ಬಾಡಿಗೆ ಕೊಡದೆ, ಎರವಲು ಜಾಗದಲ್ಲಿ, ಬ್ರೌನರದ್ದೇ ಒಂದು ಧ್ವನಿವರ್ಧಕವನ್ನು ಬಳಸಿ ಕೆಲಸ ಮುಗಿಸಿದರು. ಅವರು ಮಾಡಲು ಹೊರಟದ್ದು ಕಂಪೆನಿಗಳಿಗೆ ತೋರಿಸುವ ಮಾದರಿ ಮಾತ್ರ. ಆ ಮಾದರಿಯೇ ಮುದ್ರಿಕೆಯಾಯಿತು.

ಇಲ್ಲಿಯವರೆಗೆ ಹುಡುಗನ ಮಾತು ಸರಿ. ಇನ್ನು ಹರಿದ ಪುಟದ ಸರದಿ.

ಖರ್ಚಿನ ಪುಟ

ವಾನ್ ಹುಟ್ಟಿದ್ದು 1954ರ ಅಕ್ಟೋಬರ್ 3ರಂದು, ಟೆಕ್ಸಾಸಿನ ಡಾಲಸ್ ನಗರದಲ್ಲಿ. ತಂದೆ ಕಲ್ನಾರಿನ ಕೆಲಸದ ಕೂಲಿಯವರು. ಏಳನೆಯ ಹುಟ್ಟುಹಬ್ಬಕ್ಕೆ ಸಿಕ್ಕಿದ ಆಟಿಕೆಯ ಗಿಟಾರು ಅವರ ಮೊದಲ ವಾದ್ಯ. ಅಣ್ಣ ಜಿಮ್ಮಿ ನುಡಿಸುವುದನ್ನು ನೋಡುತ್ತ, ಮುದ್ರಿಕೆಗಳನ್ನು ಮತ್ತೆ ಮತ್ತೆ ಹಾಕಿ ಕೇಳುತ್ತ ಕಲಿತರು. ಸ್ವರಲಿಪಿ ಓದಲು ಬಾರದು, ಕಿವಿಯೇ ಗುರು. ಹದಿನೇಳರ ವಯಸ್ಸಿಗೆ ಶಾಲೆ ಬಿಟ್ಟು ಆಸ್ಟಿನ್ ನಗರಕ್ಕೆ ಹೋಗಿ, ಮುಂದೆ ಹತ್ತು ವರ್ಷ ಅಲ್ಲಿನ ಹೋಟೆಲು-ಕ್ಲಬ್ಬುಗಳಲ್ಲಿ ರಾತ್ರಿಯಿಡೀ ನುಡಿಸಿದರು. ಶಾಲೆ ಬಿಟ್ಟದ್ದನ್ನು ಅಧ್ಯಾಪಕರಾದ ನಾವು ಮೆಚ್ಚಲಾರೆವು. ಆದರೆ ಕಲಿಕೆ ಬಿಡಲಿಲ್ಲ ಎಂಬುದನ್ನು ಒಪ್ಪದೆ ವಿಧಿಯಿಲ್ಲ.

1975ರಲ್ಲಿ ಆಸ್ಟಿನ್‌ನಲ್ಲಿ ತೆರೆದ 'ಆಂಟೋನ್ಸ್' ಎಂಬ ಕ್ಲಬ್ಬಿಗೆ ಬ್ಲೂಸಿನ ಹಿರಿಯರು ಬರುತ್ತಿದ್ದರು. ವಾನ್ ಅವರ ಎದುರು ಕುಳಿತು ಕೇಳಿದರು. ಅವಕಾಶ ಸಿಕ್ಕಾಗ ಅವರ ಪಕ್ಕ ನಿಂತು ನುಡಿಸಿದರು. ಅದರಲ್ಲೂ ಆಲ್ಬರ್ಟ್ ಕಿಂಗ್ ಅವರ ತಂತಿಯೆಳೆತ ವಾನರ ಕೈಯಲ್ಲಿ ಎಷ್ಟು ಇಳಿದಿದೆ ಎಂಬುದನ್ನು ಇಬ್ಬರನ್ನೂ ಒಂದರ ನಂತರ ಒಂದು ಕೇಳಿದರೆ ಯಾರಿಗೂ ತಿಳಿದೀತು.

ವಾದ್ಯದ ಮಾತು ಸ್ವಲ್ಪ ಹೇಳಬೇಕು. ವಿದ್ಯುತ್ ಗಿಟಾರಿಗೆ ಸಾಮಾನ್ಯವಾಗಿ ಕಟ್ಟುವ ಅತಿ ತೆಳು ತಂತಿ ಅಂಗುಲದ ಸಾವಿರದಲ್ಲಿ ಒಂಬತ್ತು ಅಥವಾ ಹತ್ತು ಪಾಲು ದಪ್ಪ. ವಾನ್ ಕಟ್ಟುತ್ತಿದ್ದದ್ದು ಹದಿಮೂರರದ್ದು. ದಪ್ಪ ತಂತಿಗೆ ತುಂಬಿದ ನಾದವಿದೆ. ಆದರೆ ಅದನ್ನು ಎಳೆದು ಬಗ್ಗಿಸಲು ಬೆರಳಿಗೆ ದುಪ್ಪಟ್ಟು ಬಲ ಬೇಕು. ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಂಡು ಭಾರ ತುಸು ಕಡಿಮೆ ಮಾಡಿಕೊಳ್ಳುತ್ತಿದ್ದರು. ಆದರೂ ಬೆರಳ ತುದಿಯ ಗಂಟು ಕಿತ್ತುಬರುತ್ತಿತ್ತು; ಅಂಟು ಹಾಕಿ ಅಂಟಿಸಿಕೊಂಡು ಮತ್ತೆ ನುಡಿಸುತ್ತಿದ್ದರಂತೆ. ನಮ್ಮೂರಿನ ಚೆಂಡೆಯವರ ಅಂಗೈ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ಲೆಕ್ಕ ಹಾಕೋಣ. ಏಳನೆಯ ವಯಸ್ಸು 1961ರಲ್ಲಿ, ಮುದ್ರಣ 1982ರಲ್ಲಿ. ನಡುವೆ ಇಪ್ಪತ್ತೊಂದು ವರ್ಷ. ಲೇಟನ್ 1978ರಿಂದ, ಶ್ಯಾನನ್ 1981ರಿಂದ ಜೊತೆಗಿದ್ದರು. ಹಾಡುಗಳಲ್ಲಿ ಹೆಚ್ಚಿನವು ರಾತ್ರಿ ರಾತ್ರಿ ಜನರ ಮುಂದೆ ಸವೆದು ನುಣುಪಾದವು. ಆದುದರಿಂದ ಗೋದಾಮಿನಲ್ಲಿ ಮೂವರಿಗೆ ಯೋಚಿಸಲು ಏನೂ ಉಳಿದಿರಲಿಲ್ಲ, ನುಡಿಸುವುದಷ್ಟೇ ಬಾಕಿ. ಬೆಳೆ ಕೊಯ್ಯಲು ಮೂರು ದಿನ ಸಾಕು. ಹಾಗೆಂದು ಮೂರು ದಿನದಲ್ಲಿ ಬೆಳೆದದ್ದು ಎಂದು ಗದ್ದೆ ಕಂಡವನು ಹೇಳುವುದಿಲ್ಲ.

ಸಾಲ ಕೊಟ್ಟವರು

ಖರ್ಚಿನ ಪುಟದಲ್ಲಿ ವರ್ಷಗಳು ಮಾತ್ರವಲ್ಲ, ಹೆಸರುಗಳೂ ಇವೆ. ಈ ಲೇಖನದ ಮುಖ್ಯ ಮಾತು ಇದೇ.

ಮುದ್ರಿಕೆಗೆ ಹೆಸರು ಕೊಟ್ಟ 'ಟೆಕ್ಸಾಸ್ ಫ್ಲಡ್' ಹಾಡು ವಾನರದ್ದಲ್ಲ. 1958ರಲ್ಲಿ ಹ್ಯೂಸ್ಟನ್ನಿನ ಡ್ಯೂಕ್ ಕಂಪೆನಿಗಾಗಿ ಅದನ್ನು ಹಾಡಿದವರು ಲ್ಯಾರಿ ಡೇವಿಸ್ ಎಂಬ ಕಪ್ಪು ಗಾಯಕರು. ಗಿಟಾರು ನುಡಿಸಿದವರು ಫೆಂಟನ್ ರಾಬಿನ್ಸನ್. ನೆರೆ ಬಂದಿದೆ, ದೂರವಾಣಿಯ ತಂತಿಗಳು ಕಡಿದಿವೆ, ಪ್ರೀತಿಸಿದವಳನ್ನು ಮಾತನಾಡಿಸಲು ದಾರಿಯಿಲ್ಲ ಎಂಬುದು ಹಾಡಿನ ತಾತ್ಪರ್ಯ. ಆಟಿಯ ಮಳೆಯಲ್ಲಿ ಹೊಳೆಯಾಚೆ ಉಳಿದವರ ಸುದ್ದಿಗಾಗಿ ಕಾದ ನಮ್ಮ ಹಿರಿಯರಿಗೆ ಈ ಸಂಕಟ ಅಪರಿಚಿತವೇನಲ್ಲ. ರಾಬಿನ್ಸನ್ನರ ಗಿಟಾರಿನ ಮಾತನ್ನು ಕೇಳಿ ಆಮೇಲೆ ವಾನರದನ್ನು ಕೇಳಿದರೆ, ಬೇರು ಎಲ್ಲಿದೆ, ಕೊಂಬೆ ಎಲ್ಲಿಂದ ಶುರು ಎಂಬುದು ಸ್ಪಷ್ಟವಾಗುತ್ತದೆ.

ಉಳಿದವನ್ನೂ ನೋಡಿ. 'ಟೆಲ್ ಮಿ' ಹೌಲಿನ್ ವುಲ್ಫ್ ಅವರದ್ದು. 'ಟೆಸ್ಟಿಫೈ' ಐಸ್ಲಿ ಸಹೋದರರದ್ದು. ನಮ್ಮ ಮಕ್ಕಳು ಒಂದನೇ ತರಗತಿಯಲ್ಲಿ ಬಾಯಿಪಾಠ ಹೇಳುವ ಮೇರಿಯ ಕುರಿಮರಿಯ ಪದ್ಯವನ್ನು ಬ್ಲೂಸ್ ಮಾಡಿದವರು ಬಡ್ಡಿ ಗೈ, ಅದೂ ಇದರಲ್ಲಿದೆ. ಉಳಿದ ಆರು ವಾನರ ರಚನೆಗಳು. ಅವುಗಳಲ್ಲಿ ಒಂದಕ್ಕೆ ಡಾಯಲ್ ಬ್ರಾಮ್‌ಹಾಲ್ ಜೊತೆಗಾರ.

ಇಲ್ಲಿ ಆಕ್ಷೇಪ ಬರುತ್ತದೆ. ಕಪ್ಪು ಜನ ಕಣ್ಣೀರಿನಲ್ಲಿ ಕಟ್ಟಿದ್ದನ್ನು ಬಿಳಿಯ ತರುಣ ನುಡಿಸಿ ಹೆಸರು ಮಾಡಿದ. ಇದು ಕಳವಲ್ಲವೇ ಎಂದು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬ್ಲೂಸ್-ರಾಕಿನ ಚರಿತ್ರೆಯಲ್ಲಿ ಕಳವು ನಡೆದದ್ದುಂಟು. ಲೆಡ್ ಝೆಪ್ಪೆಲಿನ್ ತಂಡದ 1969ರ ಪ್ರಸಿದ್ಧ ಹಾಡೊಂದರಲ್ಲಿ ತನ್ನ ಮಾತುಗಳಿವೆಯೆಂದು ವಿಲ್ಲಿ ಡಿಕ್ಸನ್ 1985ರಲ್ಲಿ ದಾವೆ ಹೂಡಬೇಕಾಯಿತು. 1987ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಬಿಳಿಯರು ಮಾತ್ರ ತಪ್ಪಿತಸ್ಥರೆಂದೂ ಅಲ್ಲ. ಡ್ಯೂಕ್ ಕಂಪೆನಿಯ ಒಡೆಯ ಡಾನ್ ರೋಬಿ ಸ್ವತಃ ಕಪ್ಪು ಜನಾಂಗದವರು. ಆದರೂ ಇತರರು ಬರೆದ ಅನೇಕ ಹಾಡುಗಳನ್ನು ಕೊಂಡು, 'ಡೆಡ್ರಿಕ್ ಮಲೋನ್' ಎಂಬ ಹೆಸರಿನಲ್ಲಿ ತನ್ನದಾಗಿ ಬರೆಸಿಕೊಂಡರು. ಬಡ ಹಾಡುಗಾರನಿಗೆ ಅಂದು ಕೈಗೆ ಸಿಕ್ಕಿದ ಕೆಲವು ಡಾಲರೇ ಸಂಭಾವನೆ, ಅದೇ ಬಿಡುಗಡೆ ಪತ್ರ.

ನಮ್ಮ ಅಭಿಪ್ರಾಯ ಇಷ್ಟು: ಹಾಡು ಒಬ್ಬರಿಂದ ಒಬ್ಬರಿಗೆ ಹೋಗುವುದು ಪಾಪವಲ್ಲ. ಹಾಗೆ ಹೋಗದಿದ್ದರೆ ಹಾಡು ಸಾಯುತ್ತದೆ. ಆಟದ ಪದಗಳು ಭಾಗವತರಿಂದ ಭಾಗವತರಿಗೆ ಹೋಗಿಯೇ ನಮ್ಮವರೆಗೆ ಬಂದವು. ಎರವಲು ಕಳವಾಗುವುದು ಹೆಸರು ಅಳಿಸಿದಾಗ. ಈ ವಿಷಯದಲ್ಲಿ ವಾನ್ ಮೆಚ್ಚತಕ್ಕ ಮನುಷ್ಯ. 'ಟೆಕ್ಸಾಸ್ ಫ್ಲಡ್' ಹಾಡಿನ ಕರ್ತೃಗಳಾಗಿ ಮುದ್ರಿಕೆಯಲ್ಲಿ ಇರುವುದು ಲ್ಯಾರಿ ಡೇವಿಸ್ ಮತ್ತು ಜೋಸೆಫ್ ಸ್ಕಾಟ್ ಅವರ ಹೆಸರುಗಳು. ಹೋದಲ್ಲೆಲ್ಲ ವಾನ್ ತನ್ನ ಗುರುಗಳ ಹೆಸರೆತ್ತಿದರು. 1983ರ ಡಿಸೆಂಬರಿನಲ್ಲಿ, ತನ್ನ ಹೆಸರು ಏರುತ್ತಿದ್ದ ಹೊತ್ತಿನಲ್ಲೇ, ಕೆನಡಾದ ಒಂದು ಟೆಲಿವಿಷನ್ ಕೇಂದ್ರದಲ್ಲಿ ಆಲ್ಬರ್ಟ್ ಕಿಂಗ್ ಅವರ ಪಕ್ಕ ನಿಂತು, ಬಹುಪಾಲು ಅವರ ಹಾಡುಗಳಿಗೇ ಜೊತೆ ಕೊಟ್ಟರು. ಬಾಲ್ಯದಲ್ಲಿ ಕೊಂಡ ಮೊದಲ ಮುದ್ರಿಕೆ ಲಾನಿ ಮ್ಯಾಕ್ ಎಂಬವರದ್ದು. ಆ ಲಾನಿ ಮ್ಯಾಕ್ ಮರೆಗೆ ಸರಿದಿದ್ದಾಗ, 1985ರಲ್ಲಿ ಅವರ ಹೊಸ ಮುದ್ರಿಕೆಗೆ ವಾನ್ ಸಹನಿರ್ಮಾಪಕನಾಗಿ ನಿಂತರು. ಸಾಲ ತೀರಿಸುವುದೆಂದರೆ ಹೀಗೆ. 1984ರಲ್ಲಿ ಬ್ಲೂಸ್ ಲೋಕದ ಡಬ್ಲ್ಯು. ಸಿ. ಹ್ಯಾಂಡಿ ಪ್ರಶಸ್ತಿ ಅವರಿಗೆ ಬಂತು. ಸಾಲ ಕೊಟ್ಟವರ ಮನೆಯವರೇ ಕೊಟ್ಟ ರಸೀದಿ ಎಂದು ಅದನ್ನು ತಿಳಿಯಬಹುದು.

ಆದರೂ ಲೆಕ್ಕ ಪೂರ್ತಿ ಸರಿಹೋಯಿತೆಂದು ನಾವು ಹೇಳುವುದಿಲ್ಲ. ಇಂದು ಆ ಹಾಡೆಂದರೆ ಜನರಿಗೆ ನೆನಪಾಗುವುದು ವಾನ್. ಲ್ಯಾರಿ ಡೇವಿಸ್ 1994ರಲ್ಲಿ ತೀರಿಕೊಂಡರು; ಹಾಡನ್ನು ಬಲ್ಲವರಲ್ಲಿ ಎಷ್ಟೋ ಮಂದಿ ಅವರ ಧ್ವನಿಯನ್ನು ಕೇಳಿಯೇ ಇಲ್ಲ. ವಾನ್ ಹೆಸರು ಹೇಳಿದರು, ಕೇಳುವವರು ಕಿವಿಗೊಡಲಿಲ್ಲ. ಆ ತಪ್ಪು ನುಡಿಸಿದವರದ್ದಲ್ಲ, ನಮ್ಮಂತಹ ಕೇಳುಗರದ್ದು.

ಮುದ್ರಿಕೆ ಹೊರಬಂದ ಬಗೆ

ಮಾದರಿಯ ಸುರುಳಿ ಜಾನ್ ಹ್ಯಾಮಂಡ್ ಎಂಬ ಹಿರಿಯರ ಕೈ ಸೇರಿತು. 1933ರಲ್ಲಿ ಬೆಸ್ಸಿ ಸ್ಮಿತ್ ಅವರ ಕೊನೆಯ ಮುದ್ರಣ ನಡೆಸಿದವರು, ಬಿಲ್ಲಿ ಹಾಲಿಡೇ ಅವರನ್ನು ಮೊದಲು ಮುದ್ರಿಸಿದವರು, 1961ರಲ್ಲಿ ಬಾಬ್ ಡಿಲನ್‌ಗೆ ಅವಕಾಶ ಕೊಟ್ಟವರು ಇವರೇ. 1938ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಕಪ್ಪು ಜನರ ಸಂಗೀತದ ದೊಡ್ಡ ಸಭೆ ನಡೆಸಿದಾಗ, ಕರೆಸಬೇಕೆಂದಿದ್ದ ರಾಬರ್ಟ್ ಜಾನ್ಸನ್ ಅದಾಗಲೇ ತೀರಿಕೊಂಡಿದ್ದರು; ವೇದಿಕೆಯಲ್ಲಿ ಅವರ ಎರಡು ಮುದ್ರಿಕೆಗಳನ್ನು ಹಾಕಿ ಸಭೆಗೆ ಕೇಳಿಸಿದರು. ಹೆಸರು ಅಳಿಯಬಾರದೆಂದು ಕಾದ ಮನುಷ್ಯನ ಕೈಗೇ ಈ ಸುರುಳಿ ಬಂದದ್ದು ಯೋಗಾಯೋಗ. ಅವರ ಶಿಫಾರಸಿನಿಂದ ಎಪಿಕ್ ಕಂಪೆನಿ ಕರಾರು ಮಾಡಿತು.

ಇತ್ತ ಬೋವೀ ತನ್ನ 'ಲೆಟ್ಸ್ ಡ್ಯಾನ್ಸ್' ಮುದ್ರಿಕೆಗೆ ವಾನರಿಂದ ಗಿಟಾರು ನುಡಿಸಿಕೊಂಡರು. ಲೋಕಸಂಚಾರಕ್ಕೂ ಕರೆದರು, ಕರಾರಿನಲ್ಲಿ ಹೊಂದಿಕೆಯಾಗದೆ ವಾನ್ ಹಿಂದೆ ಸರಿದು ಸ್ವಂತ ತಂಡದೊಡನೆ ಉಳಿದರು. ಯಂತ್ರವಾದ್ಯಗಳ ಹಾಡುಗಳೇ ಮೆರೆಯುತ್ತಿದ್ದ 1983ರಲ್ಲಿ, ಮೂವರ ಈ ಹಳೇ ಕ್ರಮದ ಮುದ್ರಿಕೆ ಅಮೇರಿಕಾದ ಮಾರಾಟ ಪಟ್ಟಿಯಲ್ಲಿ 38ನೆಯ ಸ್ಥಾನಕ್ಕೆ ಏರಿತು. ಮುಂದೆ ಹತ್ತು ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಖರ್ಚಾದವು. ಮಾಂಟ್ರೋದಲ್ಲಿ ಗೇಲಿಗೊಳಗಾದ ಆ ಕಚೇರಿಯ 'ಟೆಕ್ಸಾಸ್ ಫ್ಲಡ್' ನುಡಿತ 'ಬ್ಲೂಸ್ ಎಕ್ಸ್‌ಪ್ಲೋಷನ್' ಎಂಬ ಸಂಕಲನದಲ್ಲಿ ಸೇರಿ, ಆ ಸಂಕಲನಕ್ಕೆ 1985ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಹುಡುಗರು ಅನುಕರಿಸಬಾರದ ಭಾಗವೂ ಈ ಕತೆಯಲ್ಲಿದೆ. ಕುಡಿತ, ಮಾದಕ ಪದಾರ್ಥಗಳು ವಾನರನ್ನು ತಿಂದವು. 1986ರಲ್ಲಿ ಯುರೋಪಿನ ಸಂಚಾರದಲ್ಲಿ ಕುಸಿದುಬಿದ್ದು ಚಿಕಿತ್ಸೆಗೆ ಸೇರಬೇಕಾಯಿತು. ಅಲ್ಲಿಂದ ಎದ್ದು ಬಂದವರು ಮತ್ತೆ ಅದನ್ನು ಮುಟ್ಟಲಿಲ್ಲ. 1989ರ ಮುದ್ರಿಕೆಯನ್ನು ಸ್ವಸ್ಥ ಕೈಯಿಂದಲೇ ನುಡಿಸಿದರು. 1990ರ ಆಗಸ್ಟ್ 27ರಂದು ವಿಸ್ಕಾನ್ಸಿನ್‌ನಲ್ಲಿ ಕಚೇರಿ ಮುಗಿಸಿ ಹೊರಟ ಹೆಲಿಕಾಪ್ಟರು ಗುಡ್ಡಕ್ಕೆ ಬಡಿದು ತೀರಿಹೋದರು. ವಯಸ್ಸು 35. ಅಮಲಿನಿಂದ ನುಡಿತಕ್ಕೆ ಕಳೆ ಬರುತ್ತದೆಂದು ನಂಬುವ ತರುಣರು ಆ ಕೊನೆಯ ಮೂರು ನಾಲ್ಕು ವರ್ಷಗಳ ನುಡಿತವನ್ನು ಕೇಳಲಿ.

ಅಂತೂ ನಮ್ಮ ಹಳೆ ವಿದ್ಯಾರ್ಥಿಗೆ ಹೇಳಬೇಕಾದ್ದು ಎರಡೇ ಮಾತು. ಒಂದು, ಅಪ್ಪ ತಲೆ ತಿನ್ನುವುದರಲ್ಲಿ ಹುರುಳಿದೆ. ಎರಡು, ಈ ಹಾಡನ್ನು ನೀನು ಎಲ್ಲಿಯೇ ನುಡಿಸಿದರೂ, ಲ್ಯಾರಿ ಡೇವಿಸ್ ಹಾಡಿದ್ದು, ಫೆಂಟನ್ ರಾಬಿನ್ಸನ್ ಗಿಟಾರು, ಸ್ಟೀವಿ ರೇ ವಾನ್ ಅವರಿಂದ ನಾನು ಕಲಿತೆ ಎಂದು ಹೇಳಿ ಆಮೇಲೆ ತಂತಿ ಮುಟ್ಟು.

ಇದನ್ನು ಬರೆಯುವಾಗ ನಮಗೂ ಒಂದು ನಾಚಿಕೆ ಕಾಡಿತು. ನಮ್ಮ ಶಾಲಾ ವಾರ್ಷಿಕೋತ್ಸವಗಳಲ್ಲಿ ಮಕ್ಕಳು ಭಾವಗೀತೆ ಹಾಡುತ್ತಾರೆ. ಹಾಡಿದವರ ಹೆಸರು, ತರಗತಿ, ಬಹುಮಾನ ಕೊಟ್ಟವರ ಹೆಸರು ಎಲ್ಲವನ್ನೂ ಓದುತ್ತೇವೆ. ಬರೆದ ಕವಿಯ ಹೆಸರು, ರಾಗ ಹಾಕಿದವರ ಹೆಸರು ಹೇಳಲು ಮರೆಯುತ್ತೇವೆ. ನಿರೂಪಣೆಯ ಕಾಗದ ಬರೆಯುವವರು ಅಧ್ಯಾಪಕರಾದ ನಾವೇ. ಬರುವ ವಾರ್ಷಿಕೋತ್ಸವದಿಂದ ಆ ಎರಡು ಹೆಸರುಗಳನ್ನು ಮೊದಲು ಬರೆಯುವುದೆಂದು ತೀರ್ಮಾನಿಸಿದ್ದೇವೆ. ಇತರ ಶಾಲೆಗಳ ಸಹೋದ್ಯೋಗಿಗಳೂ, ಊರಿನ ಸಂಘಗಳವರೂ ಹಾಗೆಯೇ ಮಾಡಿದರೆ ಸಂತೋಷ. ಅದಕ್ಕೆ ಖರ್ಚೇನೂ ಇಲ್ಲ. ಅರ್ಧ ನಿಮಿಷ ಸಾಕು.